ತಾರಸಿಯ ತಂತಿಗೆ ಬಿದ್ದ ಗಂಟು

ಕ್ಲಾರಿಸ್ಸಾಳ ನೆತ್ತಿಯ ಮೇಲೆ ತೆಂಗಿನ ಹಾಲು ಬೀಳಲು ಒಂದು ಗೇಣು ಬಾಕಿ ಇರುವಾಗ ಪರದೆ ನಿಂತುಹೋಯಿತು.

ಮದುಮಗಳು ಇದ್ದದ್ದು ಮಂಗಳೂರಿನಲ್ಲಿ. ನೋಡುವವರು ಇದ್ದದ್ದು ಕುವೈತಿನಲ್ಲಿ, ಮೈದಾನ್ ಹವಲ್ಲಿಯ ನಮ್ಮ ನಾಲ್ಕು ಮಹಡಿಯ ಹಳೇ ಕಟ್ಟಡದಲ್ಲಿ, ಎರಡನೇ ಮಹಡಿಯ ಕ್ಲಿಫರ್ಡನ ಮನೆಯ ಹಾಲಿನಲ್ಲಿ. ಎರಡು ಸಾವಿರದ ಒಂಬತ್ತರ ಜನವರಿ. ಶನಿವಾರ ಸಂಜೆ ಐದೂ ಹತ್ತು. ಮರುದಿನ ಮದುವೆ, ಅಂದು ರೋಸ್. ತೆಂಗಿನ ಹಾಲು ಹಚ್ಚಿ ಮದುಮಗಳನ್ನು ಮೀಯಿಸುವ ಶಾಸ್ತ್ರ. ಕ್ಲಿಫರ್ಡನ ಹೆಂಡತಿ ಬೆಟ್ಟಿ ಮದುಮಗಳ ಒಬ್ಬಳೇ ಅಕ್ಕ. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಕ್ಕಿರಲಿಲ್ಲ. ಹಾಗಾಗಿ ರೇಷ್ಮೆ ಸೀರೆ ಉಟ್ಟು, ಬಟ್ಟಲಲ್ಲಿ ತೆಂಗಿನ ಹಾಲು ಹಿಡಿದು, ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಲ್ಲಿ ಅಮ್ಮ ಹಾಲು ಹೊಯ್ಯುವಾಗ ಇಲ್ಲಿ ತಾನು ಪರದೆಗೆ ಬೆರಳು ಮುಟ್ಟಿಸುವುದು ಎಂದು ಮೊದಲೇ ಮಾತಾಗಿತ್ತು.

ನಾನು ಬಾಗಿಲು ದಾಟುವಾಗ ಚಿತ್ರ ಆಗಷ್ಟೇ ನಿಂತಿತ್ತು. ಮದುಮಗಳ ಕಣ್ಣು ಮುಚ್ಚಿತ್ತು. ಅಮ್ಮನ ಕೈ ಗಾಳಿಯಲ್ಲೇ ಇತ್ತು. ನಾನು ಕೊನೆಗೆ ಬಂದವನು. ಮನೆಯೊಳಗೆ ಸಿಗರೇಟು ಸೇದಲು ನನ್ನ ಹೆಂಡತಿ ಬಿಡುವುದಿಲ್ಲ. ಮೆಟ್ಟಿಲಲ್ಲಿ ನಿಂತು ಸೇದಿ ಬಂದಿದ್ದೆ.

"ಎಂತ ಆಯ್ತು ಕ್ಲಿಫರ್ಡ್?" ಎಂದಳು ಬೆಟ್ಟಿ.

"ಸಿಗ್ನಲ್ ಹೋಯ್ತು. ಒಂದು ನಿಮಿಷ."

ಒಂದು ನಿಮಿಷ ಅರ್ಧ ಗಂಟೆಯಾಯಿತು. ಕ್ಲಿಫರ್ಡ್ ಕಂಪ್ಯೂಟರನ್ನು ಆರಿಸಿದ, ಹಚ್ಚಿದ. ಕಂಪನಿಗೆ ಫೋನ್ ಮಾಡಿದ. ಹದಿನೈದು ಜನ ಕಾದು ಕೂತೆವು. ಬಟ್ಟಲಿನ ಹಾಲಿನ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವನು ತಾರಸಿಗೆ ಹೋಗಿ ನೋಡೋಣ ಎಂದ. ತಾರಸಿಯ ಬಾಗಿಲಿಗೆ ಬೀಗ ಇತ್ತು. ನಮ್ಮ ಹಾರಿಸ್, ಅಂದರೆ ಕಟ್ಟಡದ ಕಾವಲುಗಾರ ಬೀರಾನ್, ತನ್ನ ಕೋಣೆಯ ಹೊರಗಿನ ಮೊಳೆಯಿಂದ ಕೀ ತಂದು ತೆರೆದ.

ಕಂಬ ಇತ್ತು. ಕಂಬದ ಮೇಲಿನ ಬಿಳಿ ಡಬ್ಬ ಇರಲಿಲ್ಲ.

ಆ ಡಬ್ಬವೇ ಇಂಟರ್ನೆಟ್. ಊಟದ ತಟ್ಟೆಯಷ್ಟು ಅಗಲ. ಟೆಲಿಫೋನ್ ಲೈನ್ ಬೇಡ, ಕೇಬಲ್ ಬೇಡ. ದೂರದ ಟವರಿನ ಕಡೆ ಮುಖ ಮಾಡಿ ನಿಲ್ಲಿಸಿದರೆ ಗಾಳಿಯಲ್ಲೇ ಬರುತ್ತದೆ. ಡಬ್ಬದಿಂದ ಒಂದು ತಂತಿ ಗೋಡೆಯಗುಂಟ ಇಳಿದು ಕ್ಲಿಫರ್ಡನ ಕಿಟಕಿಯೊಳಗೆ ಹೋದರೆ ಮುಗಿಯಿತು.

ಎಲ್ಲರೂ ಖಾಲಿ ಕಂಬ ನೋಡುತ್ತಿದ್ದರು. ನನ್ನ ಹೆಂಡತಿ ಹರಿಣಾಕ್ಷಿ ಮಾತ್ರ ಬಗ್ಗಿ ನೆಲ ನೋಡುತ್ತಿದ್ದಳು.

"ಇಲ್ಲಿ ನೋಡಿ. ಕಳ್ಳ ತಂತಿ ಕತ್ತರಿಸಿದ್ದಾನೆ. ಆಮೇಲೆ ತುದಿಗೆ ಟೇಪು ಸುತ್ತಿದ್ದಾನೆ."

ನಿಜ. ಕತ್ತರಿಸಿದ ತುದಿಗೆ ಕಪ್ಪು ಟೇಪು. ಉಳಿದ ತಂತಿಯನ್ನು ಚಕ್ಕುಲಿಯ ಹಾಗೆ ಸುತ್ತಿ, ಮೂರು ಕಡೆ ನೂಲು ಕಟ್ಟಿ, ಗೋಡೆಯ ಬದಿಗೆ ಒತ್ತಿ ಇಟ್ಟಿತ್ತು.

"ಕಳ್ಳನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು?" ಎಂದಳು. ಆ ಸುರುಳಿಯನ್ನು ಕ್ಲಿಫರ್ಡನಿಂದಲೇ ಕತ್ತರಿಸಿ ತೆಗೆಸಿಕೊಂಡು ಬ್ಯಾಗಿಗೆ ಹಾಕಿದಳು.

ನಿಜ ಹೇಳುತ್ತೇನೆ. ಖಾಲಿ ಕಂಬ ನೋಡಿ ನನಗೆ ಒಳಗೊಳಗೇ ಖುಷಿಯಾಗಿತ್ತು.

*

ಕ್ಲಿಫರ್ಡ್ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಹೊಟ್ಟೆಕಿಚ್ಚು ಪಡುವುದು ಸುಲಭವಿತ್ತು.

ಅವನೂ ನಾನೂ ಆಫೀಸು ಗುಮಾಸ್ತರು. ಇಬ್ಬರೂ ಒಂದೇ ವರ್ಷ ಬಂದವರು. ಆರು ತಿಂಗಳ ಹಿಂದೆ ತಾರಸಿಯಲ್ಲಿ ಒಂದು ಕಂಬ ನೆಡಲು ಕಟ್ಟಡದ ಮಾಲೀಕರು ಅನುಮತಿ ಕೊಟ್ಟರು. ಒಂದೇ ಒಂದು. ಅರ್ಜಿ ಕೊಟ್ಟವರು ಇಬ್ಬರು, ಅವನು ಮತ್ತು ನಾನು. ಸಿಕ್ಕಿದ್ದು ಅವನಿಗೆ. ಸಿಕ್ಕ ಮೇಲೆ ಅವನೇನು ಬಾಗಿಲು ಹಾಕಿಕೊಂಡು ಕೂತನೇ? ಇಲ್ಲ. ಸಂಜೆ ಐದರಿಂದ ಒಂಬತ್ತರವರೆಗೆ ಬಾಗಿಲು ತೆರೆದಿಟ್ಟ. ಯಾರು ಬೇಕಾದರೂ ಬಂದು ಊರಿನವರ ಮುಖ ನೋಡಿ ಮಾತಾಡಬಹುದು. ಚಹಾ ಬೇರೆ. ನನ್ನ ಮಗಳು ಅಕ್ಷಿತಾ ಶಾಲೆಯಿಂದ ಬಂದವಳೇ ಅಲ್ಲಿಗೆ ಓಡುತ್ತಿದ್ದಳು. "ವೈ ಕಾಂಟ್ ವಿ ಹ್ಯಾವ್ ಇಟ್, ಪಪ್ಪಾ?" ಎಂದು ವಾರಕ್ಕೊಮ್ಮೆ ಕೇಳುತ್ತಿದ್ದಳು. ಆ ಮನೆಯ ಚಹಾ ಕುಡಿದಾಗಲೆಲ್ಲ ನನಗೆ ಎದೆ ಉರಿಯುತ್ತಿತ್ತು. ಆದರೂ ಕುಡಿಯುತ್ತಿದ್ದೆ.

ಇನ್ನು ನನ್ನ ಹೆಂಡತಿಯ ವಿಷಯ. ಹರಿಣಾಕ್ಷಿ ಒಂದು ಪಾಲಿಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ದಿನಕ್ಕೆ ನೂರು ಫೋನು ಎತ್ತುತ್ತಾಳೆ. ಕಾಯಿಲೆ ನಿಜವೋ ರಜೆಯ ಚೀಟಿಗಾಗಿಯೋ, ಮಾತಾಡುತ್ತಿರುವುದು ಹಾಸಿಗೆಯಿಂದಲೋ ಕಾರಿನಿಂದಲೋ, ಹಲೋ ಅನ್ನುವಾಗಲೇ ಅವಳಿಗೆ ಗೊತ್ತಾಗುತ್ತದೆ. ಕಟ್ಟಡದಲ್ಲಿ ಯಾರದೇ ವಸ್ತು ಕಳೆದರೂ ಮೊದಲು ಹರಿಣಕ್ಕನನ್ನು ಕರೆಯುತ್ತಾರೆ. ನನ್ನನ್ನು ಯಾರೂ ಕರೆದದ್ದಿಲ್ಲ. ಅದಕ್ಕೂ ನನಗೆ ಸ್ವಲ್ಪ ಉರಿಯುತ್ತದೆ.

ಆರೂವರೆಗೆ ಮಂದೂಬ್ ಬಂದ. ಮಾಲೀಕರ ಕಡೆಯ ಈಜಿಪ್ಟಿನವನು. ಬಾಡಿಗೆ, ನೀರು, ಜಗಳ ಎಲ್ಲ ಅವನದೇ ಉಸ್ತುವಾರಿ. ಬೀರಾನನನ್ನು ಕೆಳಗೆ ನಿಲ್ಲಿಸಿ ಅರಬ್ಬಿಯಲ್ಲಿ ಬೈದ. ಬೀರಾನ್ ಉಳ್ಳಾಲದ ಕಡೆಯ ಬ್ಯಾರಿ, ನಮ್ಮ ಕಟ್ಟಡದಲ್ಲಿ ಒಂಬತ್ತು ವರ್ಷ. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಜಾಮೀನುದಾರ, ಕಟ್ಟಡದ ಮಾಲೀಕರೇ. ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಅವರ ಕೈಯಲ್ಲಿ.

"ನಾನು ನಮಾಜಿಗೆ ಹೋಗಿದ್ದೆ. ಮಸೀದಿಯಲ್ಲಿ ನೂರು ಜನ ನೋಡಿದ್ದಾರೆ" ಎಂದ ಬೀರಾನ್.

ಮಂದೂಬನಿಗೆ ಅದು ಬೇಡವಾಗಿತ್ತು. ಕೀ ಯಾರ ಹೊಣೆ? ಬೀರಾನನದು. ಹಾಗಾದರೆ ಕಳ್ಳತನವೂ ಅವನದೇ. ಸೋಮವಾರ ಸಂಜೆ ಏಳಕ್ಕೆ ಬರುತ್ತೇನೆ, ಕಳ್ಳನನ್ನು ತೋರಿಸು. ಇಲ್ಲದಿದ್ದರೆ ಇಕಾಮಾ ರದ್ದು, ಊರಿಗೆ ಟಿಕೆಟ್. ಖಲಾಸ್.

ಬೀರಾನನಿಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಬಿ.ಎಸ್ಸಿ., ಒಬ್ಬಳು ಪಿ.ಯು.ಸಿ. ಇವನ ಸಂಬಳ ನಿಂತರೆ ಇಬ್ಬರ ಓದೂ ನಿಲ್ಲುತ್ತದೆ. ಇದು ಕಟ್ಟಡಕ್ಕೆಲ್ಲ ಗೊತ್ತಿತ್ತು.

ಮಂದೂಬ್ ಹೋದ ಮೇಲೆ ಅವನು ಹರಿಣಾಕ್ಷಿಯ ಮುಖ ನೋಡಿದ. "ಅಕ್ಕ, ನಾನು ಕೀಯನ್ನು ಮೊಳೆಗೆ ಹಾಕಿ ಹೋದದ್ದು ಹೌದು. ನಿಮಗೆಲ್ಲ ಕಂಬಳಿ ಒಣಗಿಸ್ಲಿಕ್ಕೆ ಬೇಕಾಗ್ತದೆ ಅಂತ. ವಾಪಸು ಬರುವಾಗ ಕೀ ಅಲ್ಲೇ ಇತ್ತು. ಮತ್ತೆ ನನಗೆ ಹೇಗೆ ಗೊತ್ತಾಗಬೇಕು?"

"ಸೋಮವಾರಕ್ಕೆ ಎರಡು ದಿನ ಉಂಟು ಬೀರಾನ್. ನೀನು ಊಟ ಮಾಡು" ಎಂದಳು.

*

"ಸುಕೇಶನೇ" ಎಂದೆ ನಾನು, ಮನೆಗೆ ಬಂದ ಕೂಡಲೇ.

ಸುಕೇಶ್ ಮೊದಲನೇ ಮಹಡಿಯ ಬ್ರಹ್ಮಚಾರಿ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋದಾಮಿನಲ್ಲಿ ಕೆಲಸ. ಇಂಥದೇ ಡಬ್ಬಗಳನ್ನು ಮಾರುವುದು, ಮನೆಮನೆಗೆ ಹೋಗಿ ಕೂರಿಸುವುದು. ಕ್ಲಿಫರ್ಡ್ ತನ್ನ ಡಬ್ಬವನ್ನು ಬೇರೆ ಕಂಪನಿಯಿಂದ ತಂದಿದ್ದ. ಅಂದಿನಿಂದ ಸುಕೇಶ್ ಅವನ ಹತ್ತಿರ ನೆಟ್ಟಗೆ ಮಾತಾಡಿರಲಿಲ್ಲ. ರೋಸ್ ನೋಡಲೂ ಬಂದಿರಲಿಲ್ಲ.

"ಆಗಬಹುದು" ಎಂದಳು ಹರಿಣಾಕ್ಷಿ. "ಕ್ಲಿಫರ್ಡನ ಹಾಲಿನಲ್ಲಿ ಇಲ್ಲದವರು ಮೂರೇ ಜನ. ಸುಕೇಶ್, ಬೀರಾನ್, ನಾಲ್ಕನೇ ಮಹಡಿಯ ರುಡಾಲ್ಫ್ ಅಂಕಲ್. ಬೀರಾನ್ ಮಸೀದಿಯಲ್ಲಿ. ಅಂಕಲ್ ಮನೆಯಲ್ಲಿ. ಅದಕ್ಕೆ ನಾನೇ ಸಾಕ್ಷಿ."

"ನೀನು ಹೇಗೆ?"

"ಹಾಲು ಹೊಯ್ಯುವ ಮೊದಲು ನಾನು ಅಡುಗೆಮನೆಗೆ ಹೋಗಿ ಅವರ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. ಬನ್ನಿ ಅಂಕಲ್, ಶುರುವಾಯ್ತು ಅಂತ. ಗಂಟು ನೋವು, ಚಳಿ, ಮನೆಯಲ್ಲೇ ಕೂತಿದ್ದೇನೆ, ನೀವು ನೋಡಿ ಅಂದರು. ಫೋನ್ ಇಟ್ಟು ಹಾಲಿಗೆ ಬರುವಷ್ಟರಲ್ಲಿ ಪರದೆ ನಿಂತಿತು."

ನಾನು ತಲೆಯಾಡಿಸಿದೆ.

ಎಂಟು ಗಂಟೆಗೆ ಕೆಳಗೆ ಗಲಾಟೆ. ಇಳಿದು ನೋಡಿದರೆ ಪಾರ್ಕಿಂಗಿನಲ್ಲಿ ಕ್ಲಿಫರ್ಡ್ ಸುಕೇಶನ ಕೊರಳಪಟ್ಟಿ ಹಿಡಿದಿದ್ದ. ಸುಕೇಶನ ಕಾರಿನ ಡಿಕ್ಕಿಯಲ್ಲಿ ಬಿಳಿ ಡಬ್ಬ. ಅದೇ ಅಳತೆ, ಅದೇ ಆಕಾರ.

"ಇದು ರಿಗ್ಗೈಯ ಗಿರಾಕಿಯದ್ದು ಮಾರಾಯ. ನಾಳೆ ಕೂರಿಸ್ಲಿಕ್ಕೆ ಉಂಟು."

"ರಿಗ್ಗೈಯ ಗಿರಾಕಿ, ನನ್ನ ತಲೆ."

ನಾನು ಹರಿಣಾಕ್ಷಿಯ ಕಡೆ ನೋಡಿದೆ. ನೋಡಿದೆಯಾ, ನಾನು ಹೇಳಲಿಲ್ಲವೇ ಎನ್ನುವ ನೋಟ. ಅವಳು ಇಬ್ಬರ ನಡುವೆ ಹೋಗಿ ನಿಂತಳು.

"ಸುಕೇಶ್, ಈ ಡಬ್ಬಕ್ಕೆ ತಂತಿ ಎಲ್ಲಿ ಸೇರುವುದು?"

"ಅಡಿಯಲ್ಲಿ ಅಕ್ಕ. ಈ ಮುಚ್ಚಳ ಕೈಯಲ್ಲೇ ತಿರುಗಿಸಿದರೆ ಬಿಚ್ಚುತ್ತದೆ. ಒಳಗೆ ಪ್ಲಗ್ ಉಂಟು. ಒತ್ತಿ ಎಳೆದರೆ ಬಂತು."

"ಕತ್ತರಿ ಬೇಡವಾ?"

"ಕತ್ತರಿ ಎಂತಕ್ಕೆ? ಕತ್ತರಿಸಿದರೆ ಒಳಗಿನ ತುಂಡು ತೆಗೀಲಿಕ್ಕೆ ಜೀವ ಹೋಗ್ತದೆ. ಇದರಲ್ಲಿ ಕೆಲಸ ಮಾಡಿದವರು ಯಾರೂ ಕತ್ತರಿಸುವುದಿಲ್ಲ."

ಅವಳು ಡಿಕ್ಕಿಯ ಡಬ್ಬವನ್ನು ಮಗುಚಿ ತೋರಿಸಿದಳು. ಅಡಿಯ ಮುಚ್ಚಳದ ಮೇಲೆ ಕಂಪನಿಯ ಸ್ಟಿಕರ್ ಹರಿಯದೆ ಇತ್ತು. ಒಮ್ಮೆಯೂ ತೆರೆಯದ ಡಬ್ಬ. ಕ್ಲಿಫರ್ಡ್ ಕೊರಳಪಟ್ಟಿ ಬಿಟ್ಟ.

"ಕ್ಷಮಿಸು ಮಾರಾಯ. ಬೆಟ್ಟಿ ಒಳಗೆ ಅಳ್ತಾ ಇದ್ದಾಳೆ. ನನಗೆ ತಲೆ ಓಡುವುದಿಲ್ಲ."

ಮೆಟ್ಟಿಲು ಹತ್ತುವಾಗ ಹರಿಣಾಕ್ಷಿ ತನ್ನಷ್ಟಕ್ಕೇ ಹೇಳಿಕೊಂಡಳು. "ಕಳ್ಳನಿಗೆ ಡಬ್ಬದ ವಿಷಯ ಗೊತ್ತಿಲ್ಲ. ಆದರೆ ತಂತಿಯ ವಿಷಯ ಚೆನ್ನಾಗಿ ಗೊತ್ತುಂಟು. ಕತ್ತರಿಸಿದ ತುದಿಯನ್ನು ಹಾಗೇ ಬಿಡಬಾರದು, ಧೂಳು ತೇವ ಹೋಗ್ತದೆ, ಮುಚ್ಚಬೇಕು. ಯಾರ ಕಾಲಿಗೂ ಸಿಗಬಾರದು, ಸುತ್ತಿ ಕಟ್ಟಬೇಕು. ಇದು ಕಳ್ಳನ ಬುದ್ಧಿ ಅಲ್ಲ, ಕೈಯ ರೂಢಿ."

"ಹಾಗಾದರೆ ಬೀರಾನನೇ ಇರಬೇಕು" ಎಂದೆ. "ಬಿಲ್ಡಿಂಗಿನ ಲೈಟು, ಪಂಪು ಎಲ್ಲ ರಿಪೇರಿ ಮಾಡುವವನು ಅವನೇ ಅಲ್ವಾ?"

ಅವಳು ನಿಂತು ನನ್ನನ್ನೊಮ್ಮೆ ನೋಡಿದಳು. ಮತ್ತೆ ಮೆಟ್ಟಿಲು ಹತ್ತಿದಳು.

*

ಭಾನುವಾರ ನಮಗೆ ಕೆಲಸದ ದಿನ. ಹರಿಣಾಕ್ಷಿ ನಾಲ್ಕಕ್ಕೇ ಬಂದು ಗೋಧಿ ಪಾಯಸ ಮಾಡಿದಳು. ಐದು ಗಂಟೆಗೆ ಒಂದು ಡಬ್ಬಿಗೆ ತುಂಬಿ, "ಬನ್ನಿ, ಐವಿ ಆಂಟಿಗೆ ಕೊಟ್ಟು ಬರುವ" ಎಂದಳು.

ರುಡಾಲ್ಫ್ ಅಂಕಲ್ ಮತ್ತು ಐವಿ ಆಂಟಿ ನಾಲ್ಕನೇ ಮಹಡಿಯಲ್ಲಿ, ತಾರಸಿಯ ಕೆಳಗೇ. ಅಂಕಲ್ ಕುವೈತಿಗೆ ಬಂದು ಇಪ್ಪತ್ತೆಂಟು ವರ್ಷ. ಈಗ ಶುವೈಖಿನ ಒಂದು ಹಾರ್ಡ್‌ವೇರ್ ಗೋದಾಮಿನಲ್ಲಿ ಸ್ಟೋರ್ ಕೀಪರ್. ಈ ಹಳೇ ಕಟ್ಟಡಕ್ಕೆ ಬಂದ ಟೆಲಿಫೋನ್ ಲೈನ್ ಒಂದೇ, ಅದು ಅವರ ಮನೆಗೆ. ಮೊಬೈಲ್ ಬರುವ ಮೊದಲು ನಮ್ಮೆಲ್ಲರ ಊರಿನ ಸುದ್ದಿ ಆ ಫೋನಿಗೇ ಬರುತ್ತಿತ್ತು. ನನ್ನ ಅಪ್ಪ ತೀರಿದ ದಿನ ನನ್ನನ್ನು ಕರೆಯಲು ಇಳಿದು ಬಂದವರು ಅಂಕಲ್. ಹೆಗಲಿಗೆ ಕೈ ಹಾಕಿ ಮೇಲೆ ಕರೆದುಕೊಂಡು ಹೋಗಿದ್ದರು.

ಬಾಗಿಲು ತೆರೆದದ್ದು ಆಂಟಿ. ಅಂಕಲ್ ಟಿವಿಯ ಮುಂದೆ ಶಾಲು ಹೊದ್ದು ಕೂತಿದ್ದರು. ಹೀಟರ್ ಉರಿಯುತ್ತಿತ್ತು. ಕಿಟಕಿಗಳೆಲ್ಲ ಭದ್ರ. ಧೂಳು ಬರದ ಹಾಗೆ ಸಂದಿಗಳಿಗೆ ಪಟ್ಟಿ ಅಂಟಿಸಿತ್ತು.

"ಇಂಟರ್ನೆಟ್ ಬಂತಾ?" ಎಂದು ಆಂಟಿ ಕೇಳಿದರು. "ಇವತ್ತು ಜಾನಿಸ್ ಬರ್ತೇನೆ ಅಂದಿದ್ದಳು. ಪಾಪು ಈಗ ನಿಲ್ತಾನಂತೆ." ಜಾನಿಸ್ ಅವರ ಮಗಳು. ಐರ್ಲೆಂಡಿನಲ್ಲಿ ನರ್ಸ್.

"ಇಲ್ಲ ಆಂಟಿ."

ಪಾಯಸ ತಿನ್ನುತ್ತಿರುವಾಗ ಎದುರಿನ ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಶುರುವಾಯಿತು. ಹರಿಣಾಕ್ಷಿಯ ಚಮಚ ನಿಂತಿತು. ಬಾಂಗ್ ಮುಗಿಯುವವರೆಗೂ ಅವಳು ತಿನ್ನಲಿಲ್ಲ. ಟಿವಿಯ ಸದ್ದಿನ ಅಡಿಯಲ್ಲಿ ಅದು ಎಲ್ಲೋ ದೂರದಲ್ಲಿ ಗುನುಗಿದ ಹಾಗೆ ಕೇಳಿಸಿತು, ಅಷ್ಟೇ.

"ಹೊಸ ಫೋನಾ ಅಂಕಲ್?" ಎಂದಳು, ಕಪಾಟಿನ ಮೇಲೆ ನೋಡಿ.

"ಎರಡು ವರ್ಷ ಆಯ್ತು. ಕಾರ್ಡ್‌ಲೆಸ್. ಕೆಲಸ ಮಾಡ್ತಾ ಮಾತಾಡ್ಬಹುದು."

"ಒಳ್ಳೆಯದು" ಎಂದಳು. ಪಾಯಸ ಪೂರ್ತಿ ಮಾಡಿ ಎದ್ದಳು.

ಫೆಬ್ರವರಿಯಲ್ಲಿ ಊರಿಗೆ ಹೋಗುವವರಿದ್ದೆವು. ನಮ್ಮ ಮನೆಯಲ್ಲಿ ಅರ್ಧ ತುಂಬಿದ ಕಾರ್ಟನ್ ಇತ್ತು. ಹಾಲಿನ ಪುಡಿ, ಸೋಪು, ಅಕ್ಕನ ಮಕ್ಕಳಿಗೆ ಬಟ್ಟೆ. ಹರಿಣಾಕ್ಷಿ ಬಂದವಳೇ ಅದನ್ನು ಒಂದೇ ಸಮನೆ ತುಂಬತೊಡಗಿದಳು.

"ಇನ್ನೂ ಒಂದು ತಿಂಗಳುಂಟು" ಎಂದೆ.

"ನಾಳೆಯೇ ಕಟ್ಟಿಸಬೇಕು" ಎಂದಳು.

*

ಸೋಮವಾರ ಸಂಜೆ ಐದೂವರೆ. ಮಂದೂಬ್ ಬರಲು ಒಂದೂವರೆ ಗಂಟೆ. ಕೆಳಗೆ ಬೀರಾನ್ ತನ್ನ ಸೂಟ್‌ಕೇಸಿನ ಧೂಳು ಒರೆಸುತ್ತಿದ್ದುದನ್ನು ನಾನು ಆಫೀಸಿನಿಂದ ಬರುವಾಗ ಕಂಡಿದ್ದೆ. ಕಂಡೂ ಕಾಣದ ಹಾಗೆ ಲಿಫ್ಟು ಹತ್ತಿದ್ದೆ.

ಕಾರ್ಟನನ್ನು ನಾನು ಹೊತ್ತೆ. ಹರಿಣಾಕ್ಷಿ ಹಗ್ಗ ಹಿಡಿದಳು. ನಮ್ಮ ಕಟ್ಟಡದಲ್ಲಿ ಊರಿಗೆ ಹೋಗುವವರ ಕಾರ್ಟನುಗಳನ್ನು ಕಟ್ಟುವುದು ರುಡಾಲ್ಫ್ ಅಂಕಲ್. ಬೇರೆಯವರು ಕಟ್ಟಿದ್ದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಬೆಲ್ಟಿನ ಮೇಲೆ ಹೊಟ್ಟೆ ಒಡೆದುಕೊಂಡು ಬರುತ್ತದೆ. ಅಂಕಲ್ ಕಟ್ಟಿದ್ದನ್ನು ಕತ್ತಿಯಿಂದಲೇ ಬಿಡಿಸಬೇಕು.

ಅಂಕಲ್ ಖುಷಿಯಿಂದ ಕೆಳಗೆ ಕೂತರು. ಹಗ್ಗ ಸುತ್ತಿ, ಪ್ರತಿ ಸುತ್ತಿಗೂ ಒಳಗಿಂದ ಎಳೆದು, ಎರಡು ಮಡಿಕೆ ಹಾಕಿ ಬಿಗಿದರು. ಕೈ ನೋಡಿದರೆ ಗಂಟು ನೋವಿನವರದು ಅನಿಸುತ್ತಿರಲಿಲ್ಲ.

"ಈ ಗಂಟು ಎಲ್ಲಿ ಕಲಿತದ್ದು ಅಂಕಲ್?"

"ಟೆಲಿಫೋನ್ ಕೇಬಲಿನ ಕೆಲಸದಲ್ಲಿ. ಮೊದಲು ಬಂದಾಗ ಹನ್ನೆರಡು ವರ್ಷ ಅದೇ ಮಾಡಿದ್ದು. ಒಂದು ಕೇಬಲಿನಲ್ಲಿ ನೂರಾರು ತಂತಿ. ಕಟ್ಟು ಸಡಿಲ ಆದರೆ ಫೋರ್‌ಮನ್ ಕೆನ್ನೆಗೆ ಬಿಡ್ತಿದ್ದ."

ಹರಿಣಾಕ್ಷಿ ಬ್ಯಾಗಿನಿಂದ ಆ ಸುರುಳಿ ತೆಗೆದು ಕಾರ್ಟನಿನ ಮೇಲೆ ಇಟ್ಟಳು. ಮೂರು ಕಡೆ ನೂಲು. ಮೂರು ಗಂಟು. ದಪ್ಪ ಹಗ್ಗದ ಮೇಲೆ ಇದ್ದದ್ದೇ ತೆಳು ನೂಲಿನ ಮೇಲೂ ಇತ್ತು. ಒಳಗಿಂದ ಎಳೆತ, ಎರಡು ಮಡಿಕೆ.

ಅಂಕಲ್ ಅದನ್ನು ನೋಡಿದರು. ಕೈ ಹಗ್ಗದ ಮೇಲೇ ಉಳಿಯಿತು.

"ಇದು ಎಂತ ಹರಿಣಾಕ್ಷಿ?" ಎಂದರು ಆಂಟಿ.

"ತಾರಸಿಯಲ್ಲಿ ಸಿಕ್ಕಿದ್ದು ಆಂಟಿ. ಶನಿವಾರ ನಾನು ಫೋನ್ ಮಾಡಿದಾಗ ಅಂಕಲ್ ಮನೆಯಲ್ಲೇ ಇದ್ದೇನೆ ಅಂದರು. ಲ್ಯಾಂಡ್‌ಲೈನ್ ಎತ್ತಿದ ಮೇಲೆ ಮನೆಯಲ್ಲೇ ಇರಬೇಕಲ್ಲ ಅಂತ ನಾನೂ ನಂಬಿದೆ. ಆದರೆ ಆಗ ಬಾಂಗ್ ಆಗ್ತಿತ್ತು. ಎಷ್ಟು ಜೋರು ಅಂದರೆ ಅಂಕಲ್ ಹೇಳಿದ್ದು ಎರಡು ಸಲ ಕೇಳಬೇಕಾಯ್ತು. ನಿನ್ನೆ ಇಲ್ಲಿ ಕೂತು ಕೇಳಿದೆ. ಈ ಹಾಲಿನಲ್ಲಿ ಬಾಂಗ್ ಕೇಳಿಸುವುದೇ ಇಲ್ಲ ಅನ್ನುವ ಹಾಗೆ. ಮಸೀದಿಯ ಸ್ಪೀಕರ್ ಇರುವುದು ನಮ್ಮ ತಾರಸಿಯ ಎತ್ತರಕ್ಕೆ. ಕಾರ್ಡ್‌ಲೆಸ್ ಫೋನು ಒಂದು ಮಹಡಿ ಮೇಲಕ್ಕೆ ಹೋಗ್ತದೆ, ಅಲ್ವಾ ಅಂಕಲ್?"

ಅಂಕಲ್ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು. ಎದ್ದು ಒಳಗೆ ಹೋದರು. ಮಂಚದಡಿಯಿಂದ ಒಂದು ಪೆಟ್ಟಿಗೆ ತಂದು ನಡುವೆ ಇಟ್ಟರು. ಒಳಗೆ ಬಿಳಿ ಡಬ್ಬ, ಹಳೇ ಟವೆಲಿನಲ್ಲಿ ಸುತ್ತಿದ್ದು.

ಆಂಟಿ ಬಗ್ಗಿ ಟವೆಲ್ ಸರಿಸಿ ನೋಡಿದರು. "ರುಡಾಲ್ಫ್. ಎಂತ ಮಾಡಿದಿರಿ ನೀವು?"

"ಆರು ತಿಂಗಳಾಯ್ತು, ಈ ಫೋನಿನ ಬೆಲ್ ಹೊಡೀದೆ" ಎಂದರು ಅಂಕಲ್. ಹೇಳಿದ್ದು ಹರಿಣಾಕ್ಷಿಗೆ. "ಶುಕ್ರವಾರ ನಾವು ಇಗರ್ಜಿಯಿಂದ ಬರುವುದನ್ನೇ ಕಾದು ಜಾನಿಸ್ ಫೋನ್ ಮಾಡ್ತಿದ್ದಳು. ಮೊದಲು ನನ್ನ ಹತ್ತಿರ ಐದು ನಿಮಿಷ. ಆಮೇಲೆ ಅಮ್ಮನ ಹತ್ತಿರ. ಈಗ ಅವಳು ಕ್ಲಿಫರ್ಡನ ಮನೆಯ ಕಂಪ್ಯೂಟರಿಗೆ ಬರ್ತಾಳೆ. ನನ್ನ ಮಗಳು, ಅವನ ಹಾಲಿಗೆ. ಹತ್ತು ಜನರ ಎದುರು ನಾನು ಎಂತ ಮಾತಾಡುವುದು?"

"ನಾನು ಪ್ರತಿ ದಿನ ಕರೆದೆ ನಿಮ್ಮನ್ನು."

"ಕರೆದಿ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ತಾ ಕರೆದಿ."

ಅಂಕಲ್ ಮತ್ತೆ ಹರಿಣಾಕ್ಷಿಯ ಕಡೆ ತಿರುಗಿದರು.

"ಪಾಪುವಿಗೆ ಹಲ್ಲು ಬಂತು. ನನ್ನ ಮೊಮ್ಮಗನಿಗೆ. ನನಗೆ ಯಾರು ಹೇಳಿದ್ದು ಗೊತ್ತುಂಟಾ? ಕ್ಲಿಫರ್ಡ್. ಲಿಫ್ಟಿನಲ್ಲಿ. ಕಂಗ್ರಾಟ್ಸ್ ಅಂಕಲ್, ಎರಡು ಹಲ್ಲು ಅಂದ. ನನಗಿಂತ ಮೊದಲು ಅವನು ನೋಡಿದ್ದ. ನನಗೆ ಅವನ ಹಲ್ಲು ಉದುರಿಸಬೇಕು ಅಂತ ಆಯ್ತು. ಒಂದು ಶುಕ್ರವಾರ, ಒಂದೇ ಒಂದು ಶುಕ್ರವಾರ ಇದು ಇಲ್ಲದಿದ್ದರೆ ಫೋನು ಹೊಡೀತದೆ ಅಂತ ಎಣಿಸಿದೆ. ರೋಸಿನ ದಿನ ಎಲ್ಲರೂ ಅವನ ಹಾಲಿನಲ್ಲಿ, ಬೀರಾನ್ ನಮಾಜಿಗೆ. ಬೇರೆ ದಿನ ಸಿಗುವುದಿಲ್ಲ. ಹೋಗುವಾಗ ಜಾನಿಸ್ ಮಾಡಿದರೆ ಅಂತ ಫೋನೂ ಹಿಡಿದುಕೊಂಡೆ. ಮಾಡಿದ್ದು ನೀನು."

"ತಂತಿ ಸುತ್ತಿ ಕಟ್ಟಿದ್ದು?"

"ಕಟ್ಟಿದ್ದು ನನಗೆ ಗೊತ್ತೇ ಇಲ್ಲ. ಕೈ ಕಟ್ಟಿತು."

"ಮತ್ತೆ ಬೀರಾನ್?"

ಅಂಕಲ್ ತಲೆ ತಗ್ಗಿಸಿದರು. "ಅವನ ತಲೆಗೆ ಬರ್ತದೆ ಅಂತ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳ್ಲಿಕ್ಕೆ ಬಾಯಿ ಬರಲಿಲ್ಲ. ಎರಡು ದಿನ ನನಗೆ ಊಟ ಇಳಿದಿಲ್ಲ, ಐವಿಯ ಹತ್ತಿರ ಕೇಳು."

"ಮೆಟ್ಟಿಲಲ್ಲಿ ನಿಮ್ಮನ್ನು ಯಾರೂ ನೋಡಲಿಲ್ಲವಾ ಅಂಕಲ್?"

"ಇಲ್ಲ. ನಾನು ಹಿಂದೆ ತಿರುಗಿ ನೋಡಲಿಲ್ಲ. ಸಿಗರೇಟಿನ ವಾಸನೆ ಇತ್ತು, ಅಷ್ಟೇ."

ನಾನು ಕಾರ್ಟನಿನ ಮೇಲೆ ನಮ್ಮ ಹೆಸರು ಬರೆಯಲು ಶುರುಮಾಡಿದೆ. ಮಾರ್ಕರ್ ಪೆನ್ನಿನ ಮುಚ್ಚಳ ತೆಗೆಯುವುದೇ ಮರೆತಿದ್ದೆ.

*

ಏಳು ಗಂಟೆಗೆ ಮಂದೂಬ್ ಬಂದಾಗ ಕೆಳಗೆ ಇಡೀ ಕಟ್ಟಡ ನಿಂತಿತ್ತು. ರುಡಾಲ್ಫ್ ಅಂಕಲ್ ಡಬ್ಬ ಹಿಡಿದು ಮುಂದೆ ಹೋದರು. ಇಪ್ಪತ್ತೆಂಟು ವರ್ಷದ ಅರಬ್ಬಿಯಲ್ಲಿ, ಒಂದು ಶಬ್ದ ನುಂಗದೆ, ಕದ್ದದ್ದು ನಾನು ಎಂದರು. ಬೀರಾನ್ ಮಸೀದಿಯಲ್ಲಿದ್ದ, ಕಳುಹಿಸುವುದಿದ್ದರೆ ನನ್ನನ್ನು ಕಳುಹಿಸಿ ಎಂದರು.

ಮಂದೂಬ್ ಕ್ಲಿಫರ್ಡನ ಮುಖ ನೋಡಿದ. ಪೊಲೀಸ್ ಬೇಕೇ?

ಕ್ಲಿಫರ್ಡ್ ತಡಮಾಡಿದ. ಆಮೇಲೆ ಬೇಡ ಎಂದ. ಬೆಟ್ಟಿ ಅಂಕಲ್ ಕಡೆ ತಿರುಗಲೇ ಇಲ್ಲ. ತಂಗಿಯ ಮದುವೆ ಹಿಂದಿನ ದಿನವೇ ಮುಗಿದಿತ್ತು. ಅವಳು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಳು. ಮಂದೂಬ್ ಅಂಕಲ್‌ಗೆ ಮನೆ ಖಾಲಿ ಮಾಡಲು ಮಾರ್ಚ್ ಕೊನೆಯವರೆಗೆ ಸಮಯ ಕೊಟ್ಟ. ಬೀರಾನನ ಬೆನ್ನು ತಟ್ಟಿ, ತಾರಸಿಯ ಕೀ ಇನ್ನು ಮೊಳೆಗೆ ಹಾಕಬೇಡ, ಜೇಬಿನಲ್ಲಿಡು ಎಂದು ಹೇಳಿ ಹೋದ.

ಜನ ಹರಿಣಾಕ್ಷಿಯನ್ನು ಸುತ್ತಿಕೊಂಡರು. ಹರಿಣಕ್ಕ ಹೇಗೆ ಕಂಡುಹಿಡಿದಿರಿ, ಹರಿಣಕ್ಕ ನಿಮ್ಮ ತಲೆಯೇ ತಲೆ. ಯಾವತ್ತಿನ ಹಾಗೆ ನನಗೆ ಉರಿಯಲಿಲ್ಲ. ಬೇಗ ಮನೆಗೆ ಹೋದರೆ ಸಾಕಾಗಿತ್ತು.

ಮನೆಗೆ ಬಂದು ಅವಳು ಬಾಗಿಲು ಹಾಕಿದಳು. ಅಕ್ಷಿತಾ ಒಳಗೆ ಓದುತ್ತಿದ್ದಳು. ಹರಿಣಾಕ್ಷಿ ದನಿ ತಗ್ಗಿಸಿದಳು.

"ಶನಿವಾರ ನೀವು ಸಿಗರೇಟು ಸೇದಿದ್ದು ಎಲ್ಲಿ?"

"ಮೆಟ್ಟಿಲಲ್ಲಿ."

"ಯಾವ ಮೆಟ್ಟಿಲು?"

ನಾನು ಚಪ್ಪಲಿ ಬಿಚ್ಚಲು ಬಗ್ಗಿದೆ.

"ನಮ್ಮ ಮೂರನೇ ಮಹಡಿಯಿಂದ ಮೇಲೆ ಹೋಗುವ ಮೆಟ್ಟಿಲು. ಕಿಟಕಿ ಇರುವುದು ಅಲ್ಲಿ ಮಾತ್ರ. ಅಲ್ಲಿ ನಿಂತರೆ ಅಂಕಲ್ ಮನೆ ಬಾಗಿಲು ಕಾಣ್ತದೆ, ತಾರಸಿಯ ಬಾಗಿಲೂ ಕಾಣ್ತದೆ. ನೀವು ನೋಡಿದ್ದೀರಿ."

"ಸಿಗರೇಟಿನ ವಾಸನೆ ಯಾರದ್ದೂ ಇರಬಹುದು."

"ವಾಸನೆ ಬಿಡಿ. ಎರಡು ದಿನ ನೀವು ಸುಕೇಶನ ಹೆಸರು ಹೇಳಿದಿರಿ. ಬೀರಾನನ ಹೆಸರೂ ಹೇಳಿದಿರಿ, ಅವನ ಟಿಕೆಟ್ ಆಗ್ತದೆ ಅಂತ ಗೊತ್ತಿದ್ದೂ. ಹದಿನಾಲ್ಕು ವರ್ಷದಿಂದ ನೋಡ್ತಿದ್ದೇನೆ, ನೀವು ಸಂಶಯಪಡದ ಮನುಷ್ಯ ಇಲ್ಲ. ಈ ಸಲ ಒಬ್ಬರ ಹೆಸರು ಮಾತ್ರ ನಿಮ್ಮ ಬಾಯಿಂದ ಬರಲಿಲ್ಲ. ಯಾರ ಮೇಲೆ ಸಂಶಯ ಬರಲಿಲ್ಲವೋ ಅವರ ವಿಷಯ ನಿಮಗೆ ಗೊತ್ತಿತ್ತು. ಗೊತ್ತಿದ್ದವನಿಗೆ ಸಂಶಯ ಎಂತಕ್ಕೆ?"

ಅಂಕಲ್ ಕಿವಿಗೆ ಫೋನು ಒತ್ತಿ, ಕೈಯಲ್ಲಿ ಚೀಲ ಹಿಡಿದು, ತಾರಸಿಯ ಬಾಗಿಲು ತೆರೆದು ಹೋದದ್ದನ್ನು ನಾನು ಕಂಡಿದ್ದೆ. ಖಾಲಿ ಕಂಬ ಕಂಡ ಕ್ಷಣವೇ ಎಲ್ಲ ಅರ್ಥವಾಗಿತ್ತು.

"ಅಂಕಲ್ ನನಗೆ ಮಾಡಿದ ಉಪಕಾರ..." ಎಂದು ಶುರುಮಾಡಿದೆ.

"ಅಂಕಲ್‌ಗಾಗಿ ಅಲ್ಲ" ಎಂದಳು. "ಕ್ಲಿಫರ್ಡನ ಕಂಬ ಖಾಲಿ ಇದ್ದರೆ ನಿಮಗೆ ಸಂತೋಷ. ಅದಕ್ಕೆ."

ಹೌದು. ಅದಕ್ಕೇ. ಎರಡು ದಿನ ನನಗೆ ಒಳ್ಳೇ ನಿದ್ದೆ ಬಂದಿತ್ತು. ಕದ್ದವರಿಗೆ ಊಟ ಇಳಿಯಲಿಲ್ಲ, ನನಗೆ ಇಳಿದಿತ್ತು.

"ಅಂಕಲ್ ಹೇಳಿದರು" ಎಂದಳು ಹರಿಣಾಕ್ಷಿ. "ಈಗ ನೀವು ಹೋಗಿ ಹೇಳಿ. ಕ್ಲಿಫರ್ಡನಿಗಲ್ಲ. ಬೀರಾನನಿಗೆ. ಹೇಳದೆ ವಾಪಸು ಬಂದರೆ ನನಗೆ ಗೊತ್ತಾಗ್ತದೆ."

ನಾನು ಇಳಿದೆ. ಲಿಫ್ಟಿನಲ್ಲಿ ಹೋಗಲು ಧೈರ್ಯವಾಗಲಿಲ್ಲ, ಬೇಗ ತಲುಪಿಬಿಡುತ್ತದೆ. ಬೀರಾನ್ ತನ್ನ ಕೋಣೆಯಲ್ಲಿ ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಮತ್ತೆ ಗೋಡೆಯ ಹಗ್ಗಕ್ಕೆ ಹಾಕುತ್ತಿದ್ದ. ನನ್ನನ್ನು ನೋಡಿ ನಕ್ಕ.

"ಬನ್ನಿ ಕಮಲಾಕ್ಷಣ್ಣ. ಚಾಯ ಮಾಡ್ತೇನೆ."

"ಬೇಡ. ಒಂದು ಮಾತು ಉಂಟು."

ಹೇಳಿದೆ. ನಿಂತೇ ಹೇಳಿದೆ. ನೋಡಿದ್ದು, ಸುಮ್ಮನಿದ್ದದ್ದು, ಅವನ ಹೆಸರನ್ನೇ ಹೇಳಿದ್ದು. ಅವನು ಕೈಯಲ್ಲಿದ್ದ ಅಂಗಿಯನ್ನು ಮಡಚುತ್ತಾ ಕೇಳಿದ. ಮಡಚಿ ಮುಗಿದ ಮೇಲೂ ಅದನ್ನೇ ಇನ್ನೊಮ್ಮೆ ಮಡಚಿದ.

"ಶನಿವಾರವೇ ಗೊತ್ತಿತ್ತಾ ನಿಮಗೆ?"

"ಹೌದು."

"ನಾನು ನಿನ್ನೆ ಮನೆಗೆ ಫೋನ್ ಮಾಡಿದೆ ಅಣ್ಣ" ಎಂದ ಬೀರಾನ್. "ದೊಡ್ಡವಳಿಗೆ ಹೇಳಿದೆ, ಪರೀಕ್ಷೆಯ ಫೀಸು ಕಟ್ಟಬೇಡ, ನಾನು ಬರ್ತಾ ಇದ್ದೇನೆ ಅಂತ. ಇವತ್ತು ಮಧ್ಯಾಹ್ನದವರೆಗೆ ಕಟ್ಟಬಹುದಿತ್ತು."

ಅವನು ಅಂಗಿಯನ್ನು ಹಗ್ಗಕ್ಕೆ ಹಾಕಿದ. ನಾನು ಹೊರಗೆ ಬರುವವರೆಗೆ ಕಾದು, ಬಾಗಿಲು ಮೆಲ್ಲನೆ ಮುಚ್ಚಿದ.